ಹನ್ನೊಂದು ಜನರ ನಿಂತುಹೋದ ವೇತನ: ಒಬ್ಬೊಬ್ಬರ ಕೈ ಹಿಡಿಯುವುದೋ, ವ್ಯವಸ್ಥೆಯನ್ನು ಕೇಳುವುದೋ?

ಗಂಗಾವಳಿ ದಡದವಳು (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ಗಂಗಾವಳಿ ಹೊಳೆಯ ದಡದ ಮೂರು ಊರುಗಳಲ್ಲಿ ಒಂದು ಸಣ್ಣ ಸಂಸ್ಥೆಯ ಕಾರ್ಯಕರ್ತೆಯಾಗಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಿಂದ ನನ್ನನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು, ಇದೇ ಕೆಲಸದಲ್ಲಿರುವ ಅನೇಕರು ಇಲ್ಲಿರುವುದರಿಂದ, ಸ್ವಲ್ಪ ವಿವರವಾಗಿಯೇ ಮುಂದಿಡುತ್ತೇನೆ.

ಆಷಾಢದಲ್ಲಿ ಅರವತ್ತರ ಆಸುಪಾಸಿನ ಒಬ್ಬ ಮಹಿಳೆ ನಮ್ಮಲ್ಲಿಗೆ ಬಂದರು. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಗಿದೆ; ತಿಂಗಳಿಗೆ 800 ರೂಪಾಯಿಯ ವಿಧವಾ ವೇತನ ಏಳು ತಿಂಗಳಿಂದ ಬಂದಿರಲಿಲ್ಲ. ಅವರ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್, ರೇಷನ್ ಕಾರ್ಡು, ಗಂಡನ ಮರಣ ಪ್ರಮಾಣಪತ್ರ ಮತ್ತು ಒಂದು ಹಳೆಯ ಕರೆಂಟ್ ಬಿಲ್ಲು ಇದ್ದವು. ಯಾವ ಕಚೇರಿಯಲ್ಲಿ ಯಾವುದನ್ನು ಕೇಳುತ್ತಾರೋ ತಿಳಿಯದೆ ಎಲ್ಲವನ್ನೂ ಹೊತ್ತು ತಿರುಗುತ್ತಿದ್ದರು. ಕಚೇರಿಯ ಕಂಪ್ಯೂಟರಿನಲ್ಲಿ ಪ್ರತಿ ತಿಂಗಳೂ ಹಣ ಪಾವತಿಯಾಗಿದೆ ಎಂದೇ ತೋರಿಸುತ್ತಿತ್ತು, ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದು ರೂಪಾಯಿಯೂ ಜಮೆಯಾಗಿರಲಿಲ್ಲ. ಮೂರು ದಿನ ಅವರೊಂದಿಗೆ ಓಡಾಡಿದ ಮೇಲೆ ಕಾರಣ ತಿಳಿಯಿತು. ವರ್ಷಗಳ ಹಿಂದೆ ಮಹಿಳಾ ಸಂಘಕ್ಕೆ ಸೇರುವಾಗ ಅವರು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು. ಅವರ ಆಧಾರ್ ಸಂಖ್ಯೆ ಯಾವಾಗಲೋ ಆ ಖಾತೆಗೆ ಜೋಡಣೆಯಾಗಿತ್ತು. ಆಧಾರ್ ಮೂಲಕ ಬರುವ ಸರ್ಕಾರದ ಹಣ ಒಂದು ಸಂಖ್ಯೆಗೆ ಒಂದೇ ಖಾತೆಯಂತೆ, ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಗೃಹಲಕ್ಷ್ಮಿ ಬಂದ ಮೇಲೆ ನಮ್ಮ ಕಡೆಯ ಹೆಂಗಸರೆಲ್ಲ 'ಎನ್‌ಪಿಸಿಐ ಮಾಡಿಸುವುದು' ಎನ್ನುತ್ತಾರಲ್ಲ, ಅದೇ ಇದು. ಏಳು ತಿಂಗಳ 5,600 ರೂಪಾಯಿ ಅವರೇ ಮರೆತಿದ್ದ ಖಾತೆಯಲ್ಲಿ ಭದ್ರವಾಗಿ ಕುಳಿತಿತ್ತು. ಒಂದು ಅರ್ಜಿಯಲ್ಲಿ ಎಲ್ಲವೂ ಸರಿಹೋಯಿತು. ಮರುವಾರ ಅವರು ಒಣಗಿಸಿದ ಮುರುಗಲು ಸಿಪ್ಪೆಯ ಪೊಟ್ಟಣ ತಂದುಕೊಟ್ಟು ಹೋದರು.

ಆನಂತರ ಎರಡನೆಯವರು ಬಂದರು, ಮೂರನೆಯವರು ಬಂದರು, ದೀಪಾವಳಿಯ ಹೊತ್ತಿಗೆ ನನ್ನ ಡೈರಿಯಲ್ಲಿ ಹನ್ನೊಂದು ಹೆಸರುಗಳಾಗಿದ್ದವು. ಎಲ್ಲರದೂ ಒಂದೇ ಕಾರಣ. ಪ್ರತಿಯೊಬ್ಬರಿಗೂ ಎರಡು ಮೂರು ದಿನ ಹಿಡಿಯಿತು. ಬಸ್ಸಿಗೆ ಹೆಂಗಸರಿಂದ ಈಗ ಹಣ ಕೇಳುವುದಿಲ್ಲ ನಿಜ, ಆದರೆ ಆ ದಿನಗಳ ಕೂಲಿ ಹೋಯಿತು. ಹನ್ನೊಂದೂ ಹೆಸರುಗಳನ್ನು ಪಟ್ಟಿ ಮಾಡಿಕೊಂಡು ಒಂದು ಕಚೇರಿಗೆ ಹೋದೆ. ಜೋಡಣೆ ಬದಲಾದಾಗ ಆ ವ್ಯಕ್ತಿಗೆ ತಿಳಿಸುವ ಏರ್ಪಾಡು ಆಗಬೇಕು, ಯಾರ ಹಣ ಯಾವ ಬ್ಯಾಂಕಿಗೆ ಹೋಗುತ್ತಿದೆ ಎಂಬುದನ್ನು ಕೇಳಿದವರಿಗೆ ಪಂಚಾಯಿತಿಯಲ್ಲೇ ಹೇಳುವಂತಾಗಬೇಕು ಎಂದು ವಿನಂತಿಸಿದೆ. ಅಲ್ಲಿನ ಅಧಿಕಾರಿ ಬಹಳ ಸೌಜನ್ಯದಿಂದಲೇ, "ಒಬ್ಬೊಬ್ಬರೇ ಅರ್ಜಿ ಕೊಡಲಿ ಮೇಡಂ, ಎಲ್ಲರದ್ದೂ ಮಾಡಿಕೊಡುತ್ತೇವೆ. ಹೀಗೆ ಪಟ್ಟಿ ತರಬೇಡಿ," ಎಂದರು. ನಮ್ಮ ಸಂಸ್ಥೆಗೆ ಹಣ ಕೊಡುವವರ ವರದಿ ನಮೂನೆಯಲ್ಲಿಯೂ ಎಷ್ಟು ಫಲಾನುಭವಿಗಳಿಗೆ ನೆರವಾಯಿತು ಎಂಬ ಕಾಲಂ ಇದೆ. ಹನ್ನೆರಡನೆಯವರು ಬರದಂತೆ ಏನು ಮಾಡಿದಿರಿ ಎಂಬ ಕಾಲಂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಎರಡನೆಯವರು ಬಂದಾಗಲೇ ನಾನು ಇದು ಒಬ್ಬರ ತೊಂದರೆಯಲ್ಲ ಎಂದು ಗುರುತಿಸಿ ಆ ದಿನಗಳನ್ನು ವ್ಯವಸ್ಥೆಯ ಬೆನ್ನು ಹತ್ತುವುದಕ್ಕೆ ಬಳಸಬೇಕಾಗಿತ್ತೇ? ಹಾಗೆ ಮಾಡಿದ್ದರೆ ಉಳಿದ ಒಂಬತ್ತು ಜನ ಅಷ್ಟು ಕಾಲ ಕಾಯಬೇಕಾಗುತ್ತಿರಲಿಲ್ಲವೇ, ಅಥವಾ ಇನ್ನೂ ಹೆಚ್ಚು ಕಾಲ ಕಾಯಬೇಕಾಗುತ್ತಿತ್ತೇ?

ಘಟ್ಟದ ಮೇಲಿನವ (ಶಿರಸಿ)

ಮೇಡಂ, ನೀವು ಪಟ್ಟಿ ಮಾಡಿದ್ದೇ ಸರಿ, ಅದನ್ನು ಇನ್ನೂ ಮೊದಲೇ ಮಾಡಬೇಕಾಗಿತ್ತು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ನಾನು ಅರಣ್ಯ ಹಕ್ಕಿನ ಅರ್ಜಿಗಳ ಕೆಲಸದಲ್ಲಿರುವವನು, ಆ ಅನುಭವದಿಂದ ಹೇಳುತ್ತಿದ್ದೇನೆ.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. 1930ರ ದಾಖಲೆಯನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಡ ಕೃಷಿಕ ಎಲ್ಲಿಂದ ತರಬೇಕು? ಮೊದಲ ಕೆಲವು ವರ್ಷ ನಾನೂ ಒಬ್ಬೊಬ್ಬರ ಅರ್ಜಿಯನ್ನು ಹಿಡಿದು ದಾಖಲೆ ಹುಡುಕಿ ಅಲೆದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಒಂದು ದಿನ ಒಂದೇ ಊರಿನ ನಲವತ್ತು ತಿರಸ್ಕಾರ ಪತ್ರಗಳನ್ನು ಶಾಲೆಯ ಜಗಲಿಯ ಮೇಲೆ ಸಾಲಾಗಿ ಹರಡಿ ನೋಡಿದೆವು. ಎಲ್ಲ ಪತ್ರಗಳಲ್ಲಿಯೂ ಅಕ್ಷರ ಅಕ್ಷರ ಒಂದೇ ವಾಕ್ಯ. ಹೆಸರು ಮತ್ತು ಸರ್ವೆ ನಂಬರು ಮಾತ್ರ ಬೇರೆ. ಯಾರ ಅರ್ಜಿಯನ್ನೂ ಯಾರೂ ಓದಿರಲಿಲ್ಲ ಎಂಬುದು ಆಗ ನಮಗೆ ಕಣ್ಣಿಗೆ ಕಂಡಿತು. 2012ರಲ್ಲಿ ತಿದ್ದುಪಡಿಯಾದ ನಿಯಮಗಳು, ಉಪವಿಭಾಗ ಮಟ್ಟದ ಮತ್ತು ಜಿಲ್ಲಾ ಮಟ್ಟದ ಸಮಿತಿಗಳು ಇಂಥದೇ ದಾಖಲೆ ಬೇಕೆಂದು ಪಟ್ಟು ಹಿಡಿಯಬಾರದು ಎಂದು ಸ್ಪಷ್ಟವಾಗಿ ಹೇಳುತ್ತವೆ. ತಿರಸ್ಕರಿಸಿದರೆ ಕಾರಣಸಹಿತವಾಗಿ ಅರ್ಜಿದಾರನಿಗೇ ತಿಳಿಸಬೇಕು, ಅಲ್ಲಿಂದ 60 ದಿನಗಳಲ್ಲಿ ಅವನು ಮೇಲ್ಮನವಿ ಸಲ್ಲಿಸಬಹುದು. ಒಬ್ಬನೇ ಹೋಗಿ ಈ ನಿಯಮ ತೋರಿಸಿದರೆ ಕುಳಿತುಕೊಳ್ಳಿ ಎನ್ನುವವರೂ ಇಲ್ಲ. ನಲವತ್ತು ಪತ್ರಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟಾಗ ಉತ್ತರ ಹೇಳಲೇಬೇಕಾಯಿತು.

2019ರ ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ತಿರಸ್ಕೃತರನ್ನು ಒಕ್ಕಲೆಬ್ಬಿಸಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ 13ರಂದು ಬಂತು, ಅದಕ್ಕೆ ತಡೆ ಬಿದ್ದದ್ದು 28ರಂದು. ಆ ಹದಿನೈದು ದಿನ ಇಲ್ಲಿನ ಮನೆಗಳಲ್ಲಿ ಒಲೆ ಹೊತ್ತಿಸುವುದಕ್ಕೂ ಮನಸ್ಸಿರಲಿಲ್ಲ. ಯಾವ ಕಾರ್ಯಕರ್ತನ ವೈಯಕ್ತಿಕ ಸಾಂತ್ವನದಿಂದಲೂ ಆ ಭಯ ಹೋಗುವಂಥದಾಗಿರಲಿಲ್ಲ. ಎಲ್ಲಿ ಕಟ್ಟಿದೆಯೋ ಅಲ್ಲಿಯೇ ಬಿಚ್ಚಬೇಕು.

ವಾರ್ಡಿನ ಹೊರಗೆ (ಕಾರವಾರ)

ಶಿರಸಿಯವರ ಮಾತಿನ ಬಲವನ್ನು ಒಪ್ಪಿಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಗಳಿಗೆ ಸಂಬಂಧಿಸಿದ ಸಮಾಜಕಾರ್ಯದಲ್ಲಿ ಹನ್ನೆರಡು ವರ್ಷ ಕಳೆದಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಎಂಬ ಕೂಗು ಹೊಸದಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡ ಮೇಲೆ ಇಡೀ ಜಿಲ್ಲೆಯೇ ದನಿಯೆತ್ತಿತು. (ಇದು ಬೈಂದೂರು ಕಡೆಯ ಶಿರೂರು, ಗುಡ್ಡ ಕುಸಿದ ಅಂಕೋಲಾದ ಶಿರೂರು ಅಲ್ಲ.) ಆ ಸಭೆಗಳಿಗೆ ನಾನೂ ಹೋಗಿದ್ದೇನೆ, ಮನವಿಪತ್ರಗಳ ಕರಡು ಬರೆದಿದ್ದೇನೆ. ತಲೆಗೆ ಪೆಟ್ಟಾದವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕಾದ ಸ್ಥಿತಿ ವ್ಯವಸ್ಥೆಯ ದೋಷ ಎಂಬುದರಲ್ಲಿ ನನಗೆ ಸಂಶಯವಿಲ್ಲ. 2018ರ ಆರಂಭದಿಂದ ಗೋವಾದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಹೊರರಾಜ್ಯದವರಿಗೆ ಶುಲ್ಕ ಬಂದ ಮೇಲೆ ಕಾರವಾರದ ಬಡವರಿಗೆ ಇದ್ದ ಹತ್ತಿರದ ದಾರಿಯೂ ಕಿರಿದಾಯಿತು.

ಆದರೆ ರಾತ್ರಿ ಎರಡು ಗಂಟೆಗೆ ಮಗನನ್ನು ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು ನಿಂತಿರುವ ತಾಯಿಗೆ ಈ ಯಾವ ವಿಶ್ಲೇಷಣೆಯಿಂದಲೂ ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ನಾನು ಮಾಡಬೇಕಾದ ಕೆಲಸ ಬೇರೆಯೇ ಇರುತ್ತದೆ. ಆಯುಷ್ಮಾನ್ ಸೌಲಭ್ಯಕ್ಕೆ ಬೇಕಾದ ಶಿಫಾರಸು ಪತ್ರ ಸರಿಯಾಗಿದೆಯೇ, ಆ ಕಡೆಯ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆಯೇ, ಜೊತೆಗೆ ಹೋಗುವವರು ಯಾರು, ಮನೆಯಲ್ಲಿ ಉಳಿದ ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಆ ತಾಯಿ ಸಂಜೆಯಿಂದ ಒಂದು ಲೋಟ ನೀರಾದರೂ ಕುಡಿದಿದ್ದಾರೆಯೇ, ಇವನ್ನೆಲ್ಲ ಆಗಲೇ ನೋಡಬೇಕು.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಆಸ್ಪತ್ರೆಯ ಬೇಡಿಕೆಯ ಕುರಿತ ಒಂದು ಸಂಜೆಯ ಸಭೆಯಲ್ಲಿ ಕುಳಿತಿದ್ದಾಗ ನನಗೆ ನಾಲ್ಕು ಬಾರಿ ಫೋನ್ ಬಂತು. ಸಭೆ ಮುಖ್ಯವೆಂದು ಎತ್ತಲಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬರ ಹೆಂಡತಿ, ಮರುದಿನದ ಸರದಿಗೆ ಬರಲು ವಾಹನವಿಲ್ಲವೆಂದು ಹೇಳಲು ಮಾಡಿದ ಫೋನ್ ಅದು. ಆ ಸರದಿ ತಪ್ಪಿತು, ಎರಡು ದಿನಗಳ ನಂತರ ಅವರನ್ನು ತೀರ ಕೆಟ್ಟ ಸ್ಥಿತಿಯಲ್ಲಿ ತಂದು ಸೇರಿಸಿದರು. ಅವರು ಉಳಿದರು. ಆ ನಾಲ್ಕು ಕರೆಗಳು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಆದ್ದರಿಂದ ಅಂಕೋಲಾದ ಮೇಡಂ ಅವರಿಗೆ ನನ್ನ ಉತ್ತರ: ನೀವು ಎರಡನೆಯವರನ್ನು ಬಿಟ್ಟು ವ್ಯವಸ್ಥೆಯ ಹಿಂದೆ ಹೋಗದಿದ್ದುದು ತಪ್ಪಲ್ಲ. 800 ರೂಪಾಯಿ ನಮಗೆ ಸಣ್ಣ ಮೊತ್ತ, ಅದು ಅವರ ತಿಂಗಳ ಅಕ್ಕಿ, ಮೀನು, ಮಾತ್ರೆ.

ಕಲಿಯುತ್ತಿರುವವಳು (ಕುಮಟಾ)

ನಾನು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೆಯ ವರ್ಷದಲ್ಲಿದ್ದೇನೆ. ಹಿರಿಯರ ಚರ್ಚೆಯ ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ.

ನಮಗೆ ತರಗತಿಯಲ್ಲಿ ಈ ಎರಡು ದಾರಿಗಳನ್ನು ಎರಡು ಹೆಸರುಗಳಿಂದ ಕಲಿಸಿದರು. 1889ರಲ್ಲಿ ಷಿಕಾಗೋದ ವಲಸಿಗರ ಕೇರಿಯಲ್ಲಿ ಹಲ್ ಹೌಸ್ ತೆರೆದು, ನೆರೆಹೊರೆಯವರ ಜೊತೆಯಲ್ಲೇ ಬಾಳುತ್ತ, ಬಾಲಕಾರ್ಮಿಕ ಪದ್ಧತಿ ಮತ್ತು ಕಾರ್ಖಾನೆಗಳ ಸ್ಥಿತಿಯ ವಿರುದ್ಧ ಹೋರಾಡಿದ ಜೇನ್ ಆಡಮ್ಸ್ ಒಂದು ಕಡೆ. ದಾನಸಂಸ್ಥೆಗಳಲ್ಲಿ ಕೆಲಸ ಮಾಡಿ, ಒಂದೊಂದು ಕುಟುಂಬದ ಸ್ಥಿತಿಯನ್ನೂ ಪುರಾವೆಗಳ ಮೇಲೆ ಅರಿಯುವ ಶಿಸ್ತನ್ನು 1917ರಲ್ಲಿ ಗ್ರಂಥರೂಪಕ್ಕೆ ತಂದ ಮೇರಿ ರಿಚ್ಮಂಡ್ ಇನ್ನೊಂದು ಕಡೆ. ಪರೀಕ್ಷೆಯಲ್ಲಿ ನಾನು ಇವರಿಬ್ಬರನ್ನು ಎದುರಾಳಿಗಳೆಂದೇ ಬರೆದೆ. ಆದರೆ ರಿಚ್ಮಂಡ್ ಸ್ವತಃ ಸುಧಾರಣೆಯನ್ನು ಚಿಲ್ಲರೆ ವ್ಯಾಪಾರ ಮತ್ತು ಸಗಟು ವ್ಯಾಪಾರಕ್ಕೆ ಹೋಲಿಸಿ (ಒಬ್ಬೊಬ್ಬರ ಜೊತೆಗಿನ ಕೆಲಸ ಚಿಲ್ಲರೆ, ಎಲ್ಲರಿಗೂ ಒಟ್ಟಿಗೆ ಆಗುವ ಬದಲಾವಣೆ ಸಗಟು), ಒಳ್ಳೆಯ ಸುಧಾರಣೆ ಚಿಲ್ಲರೆಯಿಂದ ಹೊರಟು ಸಗಟಿಗೆ ಹೋಗಿ ಪುನಃ ಚಿಲ್ಲರೆಗೆ ಮರಳುತ್ತದೆ, ಹಾಗೆ ಒಂದು ಸುತ್ತು ಪೂರ್ಣವಾಗುತ್ತದೆ ಎಂಬ ಅರ್ಥದಲ್ಲಿ ಹೇಳಿದ್ದರು ಎಂದು ಆಮೇಲೆ ತಿಳಿಯಿತು. ಅಂತರರಾಷ್ಟ್ರೀಯ ಸಮಾಜಕಾರ್ಯಕರ್ತರ ಒಕ್ಕೂಟ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಲ್ಲಿಯೂ ಸಾಮಾಜಿಕ ಬದಲಾವಣೆ ಮತ್ತು ಜನರ ಸಬಲೀಕರಣ ಎರಡೂ ಒಂದೇ ವಾಕ್ಯದಲ್ಲಿವೆ.

ಪುಸ್ತಕದಲ್ಲಿ ಇಷ್ಟು ಸರಾಗವಾಗಿರುವುದು ಕ್ಷೇತ್ರದಲ್ಲಿ ನನಗೆ ಹೀಗೆ ಎದುರಾಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಆ ಮಣ್ಣು ಗಂಗಾವಳಿಗೆ ಬಿದ್ದು, ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತಲ್ಲ, ಆ ಭಾಗದ ಒಂದು ಮನೆಗೆ ನನ್ನನ್ನು ಆಪ್ತಸಮಾಲೋಚನೆಯ ಅಭ್ಯಾಸಕ್ಕೆ ಕಳುಹಿಸಿದ್ದರು. ಮಳೆ ಜೋರಾದ ರಾತ್ರಿಗಳಲ್ಲಿ ಆ ಮನೆಯ ಗೃಹಿಣಿ ಮಲಗುತ್ತಿರಲಿಲ್ಲ. ಮಕ್ಕಳ ಬಟ್ಟೆಯ ಗಂಟನ್ನು ಬಾಗಿಲ ಬಳಿ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತಿರುತ್ತಿದ್ದರು. ನಾನು ಕಲಿತಿದ್ದ ಉಸಿರಾಟದ ವಿಧಾನವನ್ನು ಹೇಳಿಕೊಟ್ಟೆ. ಅವರು ತಾಳ್ಮೆಯಿಂದ ಮಾಡಿ ತೋರಿಸಿ, ಆಮೇಲೆ ಎದುರಿನ ಗುಡ್ಡದ ಕಡೆಗೆ ಕೈ ಮಾಡಿ, "ಅದು ಹಾಗೇ ಇದೆಯಲ್ಲ ತಂಗಿ," ಎಂದರು. ನನ್ನ ವರದಿಯಲ್ಲಿ 'ಆತಂಕದ ಲಕ್ಷಣಗಳು' ಎಂದು ಬರೆಯಬೇಕಾಗಿತ್ತು. ಗುಡ್ಡವನ್ನು ಕಡಿದು ರಸ್ತೆ ಮಾಡಿದ ಜಾಗದ ಎದುರು ಮಳೆಯ ರಾತ್ರಿ ಎಚ್ಚರವಾಗಿರುವುದು ಆತಂಕದ ಕಾಯಿಲೆಯೋ, ತಾಯಿಯೊಬ್ಬಳ ವಿವೇಕವೋ? ನಾವು ಒಬ್ಬೊಬ್ಬರನ್ನು ಸಮಾಧಾನಪಡಿಸುತ್ತ ಹೋದರೆ ಆ ಗುಡ್ಡದ ಬಗ್ಗೆ ಕೇಳುವವರ ಸಂಖ್ಯೆಯನ್ನೇ ಕಡಿಮೆ ಮಾಡುತ್ತಿದ್ದೇವೆಯೇ ಎಂಬ ಅಳುಕು ನನಗೆ ಆ ದಿನದಿಂದ ಇದೆ.

ವಾರ್ಡಿನ ಹೊರಗೆ (ಕಾರವಾರ)

ತಂಗಿ, ವರದಿಯಲ್ಲಿ ಆ ಗುಡ್ಡವನ್ನೂ ಬರೆಯಿರಿ. ಅವರು ಕೈ ಮಾಡಿ ತೋರಿಸಿದ್ದನ್ನು, ಆಡಿದ ಮಾತನ್ನು, ಮನೆಯಿಂದ ಗುಡ್ಡಕ್ಕಿರುವ ಅಂತರವನ್ನು ಬರೆಯಿರಿ. ಉಸಿರಾಟ ಹೇಳಿಕೊಟ್ಟದ್ದಕ್ಕೆ ಅಳುಕು ಬೇಡ. ಗುಡ್ಡ ಸರಿಯಾಗುವವರೆಗೂ ಅವರು ನಿದ್ರೆಯಿಲ್ಲದೆ ಇರಲಾಗುವುದಿಲ್ಲ.

ನಿವೃತ್ತ ಮಾಸ್ತರ (ಅಂಕೋಲಾ)

ಷಿಕಾಗೋದವರೆಗೆ ಹೋಗಿ ಬಂದಿರಿ, ಸಂತೋಷ. ನಮ್ಮ ಅಂಕೋಲೆಯಲ್ಲಿಯೇ ಈ ಪ್ರಶ್ನೆಯನ್ನು ಬದುಕಿ ತೋರಿಸಿದವರೊಬ್ಬರಿದ್ದರು.

ದಿನಕರ ದೇಸಾಯಿಯವರನ್ನು ಇಂದಿನವರು ಚುಟುಕಗಳ ಕವಿಯೆಂದೇ ಬಲ್ಲರು. ಜಿಲ್ಲೆಯ ಗೇಣಿದಾರರನ್ನು ರೈತಕೂಟದಲ್ಲಿ ಒಂದುಗೂಡಿಸಿದ್ದಕ್ಕಾಗಿ 1940ರಲ್ಲಿ ಅವರನ್ನು ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರು ಮಾಡಲಾಗಿತ್ತು. ಉಳುವವನೇ ನೆಲದೊಡೆಯ ಎಂಬುದು ಆ ಹೋರಾಟದ ಕೂಗಾಗಿತ್ತು. ವ್ಯವಸ್ಥೆಯ ಬುಡಕ್ಕೆ ಕೈ ಹಾಕಿದ ಅದೇ ವ್ಯಕ್ತಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಲ್ಲಿ ಶಾಲೆಗಳನ್ನು ತೆರೆದರು. ಭೂಮಿಯ ಕಾನೂನು ಬರುವವರೆಗೆ ರೈತನ ಮಗ ಓದದೆ ಕಾಯಲಿ ಎಂದು ಅವರು ಹೇಳಲಿಲ್ಲ.

ಇನ್ನೊಂದು ಸಂಗತಿ, ನಾನು ಕಣ್ಣಾರೆ ಕಂಡದ್ದು. 1974ರ ತಿದ್ದುಪಡಿಯಿಂದ ಗೇಣಿ ಜಮೀನು ಉಳುವವನಿಗೆ ಎಂಬ ಕಾನೂನು ಬಂತು. ಮೂರು ತಲೆಮಾರಿನ ಹೋರಾಟ ಗೆದ್ದಿತು ಎಂದು ನಾವೆಲ್ಲ ಸಂಭ್ರಮಿಸಿದೆವು. ಆದರೆ ಭೂಮಿ ತಾನಾಗಿ ಯಾರ ಹೆಸರಿಗೂ ಆಗಲಿಲ್ಲ. ಪ್ರತಿಯೊಬ್ಬ ಗೇಣಿದಾರನೂ ಭೂನ್ಯಾಯ ಮಂಡಳಿಗೆ 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕಾಗಿತ್ತು, ವಿಸ್ತರಿಸುತ್ತ ಬಂದ ಕೊನೆಯ ದಿನ 1979ರ ಜೂನ್ 30. ನಾನಾಗ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಶಾಲೆ ಬಿಟ್ಟ ಮೇಲೆ ಲಾಟೀನು ಬೆಳಕಿನಲ್ಲಿ ಎಷ್ಟೋ ಜನರ ಅರ್ಜಿ ತುಂಬಿಸಿಕೊಟ್ಟೆ. ಓದುಬರಹ ಬಾರದ ಒಬ್ಬರು, ನಮ್ಮ ಕೇರಿಯವರೇ, ಒಡೆಯರ ಮುಖ ನೋಡಿ ಅಂಜಿ ಅರ್ಜಿ ಕೊಡಲಿಲ್ಲ. ನಾನೂ ಹೋಗಿ ಅವರನ್ನು ಕೂರಿಸಿ ಕೇಳಲಿಲ್ಲ, ಬಂದವರದನ್ನಷ್ಟೇ ಬರೆದೆ. ಅವರ ತಂದೆ ಗೇಣಿಗೆ ಮಾಡುತ್ತಿದ್ದ ಗದ್ದೆಯಲ್ಲಿ ಅವರ ಮಗ ಇಂದಿಗೂ ಕೂಲಿಯವನೇ. ಆ ಹುಡುಗಿ ಬರೆದ 'ಮರಳಿ ಚಿಲ್ಲರೆಗೆ' ಎಂಬ ಮಾತನ್ನು ಓದಿದಾಗ ನನಗೆ ಆ ಮುಖವೇ ಕಣ್ಣಮುಂದೆ ಬಂತು.

ಘಟ್ಟದ ಮೇಲಿನವ (ಶಿರಸಿ)

ಮಾಸ್ತರರು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಮೊದಲಿನ ಮಾತಿಗೆ ಒಂದು ತಿದ್ದುಪಡಿ ಬೇಕೆನಿಸುತ್ತಿದೆ.

ಆ ನಲವತ್ತು ಮೇಲ್ಮನವಿಗಳಿಗೆ ನಾವು ಪುರಾವೆಯಾಗಿ ಕೊಟ್ಟದ್ದರಲ್ಲಿ ಮುಖ್ಯವಾದದ್ದು ಊರಿನ ಹಿರಿಯರ ಲಿಖಿತ ಹೇಳಿಕೆಗಳು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಎಂದು ನಿಯಮದಲ್ಲಿದೆ. ಮೊದಲಿಗೆ ನಾವು ಅದಕ್ಕೂ ಒಂದು ಅಚ್ಚು ಮಾಡಿದೆವು. 'ಸದರಿಯವರು ಅನೇಕ ವರ್ಷಗಳಿಂದ ವಾಸವಾಗಿದ್ದಾರೆ' ಎಂದು ಒಂದೇ ವಾಕ್ಯ ಟೈಪ್ ಮಾಡಿಸಿ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಅಂದರೆ ಆ ಕಡೆಯವರು ಮಾಡಿದ ತಪ್ಪನ್ನೇ ನಾವೂ ಮಾಡಿದೆವು, ಅವುಗಳಿಗೆ ಬೆಲೆ ಸಿಗಲಿಲ್ಲ. ಆಮೇಲೆ ನಮ್ಮ ಜೊತೆಗಿದ್ದ ಒಬ್ಬ ಹೆಣ್ಣುಮಗಳು ಎಂಬತ್ತು ದಾಟಿದ ಒಬ್ಬ ಅಜ್ಜನ ಬಳಿ ಎರಡು ಮಧ್ಯಾಹ್ನ ಸುಮ್ಮನೆ ಕುಳಿತಳು. ಆ ಅಜ್ಜನಿಗೆ ಇಸವಿಗಳು ಬಾರವು. ಅವರು ಕಾಲವನ್ನು ಅಳೆಯುತ್ತಿದ್ದುದು ಮಾರಿಕಾಂಬೆಯ ಜಾತ್ರೆಗಳಿಂದ. ಜಾತ್ರೆ ಎರಡು ವರ್ಷಕ್ಕೊಮ್ಮೆ. ತಾನು ಅಪ್ಪನ ಹೆಗಲ ಮೇಲೆ ಕುಳಿತು ಹೋದ ಜಾತ್ರೆ, ನೆರೆಯವನ ಅಪ್ಪ ಆ ಹಲಸಿನ ಸಸಿ ನೆಟ್ಟ ಮಳೆಗಾಲದ ಮುಂಚಿನ ಜಾತ್ರೆ, ತನ್ನ ಮದುವೆಯ ವರ್ಷದ ಜಾತ್ರೆ ಎಂದು ಒಂದೊಂದಾಗಿ ಲೆಕ್ಕ ಕೊಟ್ಟರು. ಆ ಹೇಳಿಕೆಯನ್ನು ಓದಿದ ಸಮಿತಿ ಮೊದಲ ಬಾರಿಗೆ ಪ್ರಶ್ನೆ ಕೇಳಿತು. ಹಲಸಿನ ಮರವನ್ನು ನೋಡಲು ಸ್ಥಳಕ್ಕೂ ಬಂತು.

ನಲವತ್ತು ಪತ್ರಗಳ ಬಲ ನಿಜ. ಆ ಬಲಕ್ಕೆ ಜೀವ ಬಂದದ್ದು ಒಬ್ಬರ ಮಾತನ್ನು ಒಬ್ಬರು ಪೂರ್ತಿಯಾಗಿ ಕೇಳಿದ್ದರಿಂದ. ಆದರೂ ಮೊದಲ ಆದ್ಯತೆ ಯಾವುದಕ್ಕೆ ಎಂದರೆ ನಾನು ಈಗಲೂ ಸಂಘಟನೆಗೇ ಎನ್ನುತ್ತೇನೆ.

ಅರಗಾ ಬಿಟ್ಟವರ ಮಗಳು (ಕಾರವಾರ)

ಇಷ್ಟು ಹೊತ್ತು ಇಲ್ಲಿ ಮಾತನಾಡಿದವರೆಲ್ಲ ಸಹಾಯ ಮಾಡುವ ಕಡೆಯವರು. ನಾನು ಇನ್ನೊಂದು ಕಡೆಯವಳು.

ಕಾರವಾರದ ನೌಕಾನೆಲೆಗೆ ಶಂಕುಸ್ಥಾಪನೆಯಾದದ್ದು 1986ರಲ್ಲಿ, ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿದ್ದು 2005ರಲ್ಲಿ. ಈ ನಡುವಿನ ಕಾಲದಲ್ಲಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕಡಲ ದಡದಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಬಂದವು, ಅದರಲ್ಲಿ ಅರಗಾ ಊರಿನ ನಮ್ಮದೂ ಒಂದು. ಇಂದು ಎಬ್ಬಿಸುತ್ತಾರೆ, ನಾಳೆ ಎಬ್ಬಿಸುತ್ತಾರೆ ಎಂದು ವರ್ಷಗಟ್ಟಲೆ ಮನೆಗೆ ಹೊಸ ಹಂಚು ಹೊದಿಸದೆ ಬದುಕಿದವರು ನಾವು. ದೇಶಕ್ಕಾಗಿ ಕೊಟ್ಟ ಜಾಗದ ಬಗ್ಗೆ ನನಗೆ ತಕರಾರಿಲ್ಲ. ಪರಿಹಾರದ ದರಕ್ಕಾಗಿ ನಮ್ಮವರು ಸಂಘಟಿತರಾಗಿ ನ್ಯಾಯಾಲಯಗಳಲ್ಲಿ ದಶಕಗಳ ಕಾಲ ಹೋರಾಡಿದರು. ಆ ಹೋರಾಟ ಇಲ್ಲದಿದ್ದರೆ ನಾನು ಕಾಲೇಜಿಗೆ ಹೋಗುತ್ತಿರಲಿಲ್ಲ. ಶಿರಸಿಯವರು ಹೇಳುವ ಸಂಘಟನೆಯ ಋಣ ನನ್ನ ಮೇಲಿದೆ.

ಆದರೆ ನಮ್ಮ ಅಜ್ಜನ ಕಥೆ ಬೇರೆ. ಅಜ್ಜನಿಗೆ ರಂಪಣಿಯಲ್ಲಿ ಒಂದು ಪಾಲು ಇತ್ತು. ದಡದಲ್ಲಿ ನಿಂತು ಊರೇ ಸೇರಿ ಬಲೆ ಎಳೆಯುವ ಮೀನುಗಾರಿಕೆ ಅದು. ಬಲೆಯೂ ಹಂಚಿಕೆ, ಮೀನೂ ಹಂಚಿಕೆ. ಪರಿಹಾರದ ನಮೂನೆಯಲ್ಲಿ ಮನೆ, ಜಮೀನು, ತೆಂಗಿನ ಮರ ಎಲ್ಲವನ್ನೂ ಎಣಿಸಿ ಬರೆದರು. ರಂಪಣಿಯ ಪಾಲನ್ನು ಬರೆಯಲು ಅಜ್ಜನ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಪುನರ್ವಸತಿಯ ನಿವೇಶನಕ್ಕೆ ಬಂದ ಮೇಲೆ ಅವರು ಮಾತು ಕಡಿಮೆ ಮಾಡಿದರು. ಬೆಳಗಿನ ಜಾವ ಎದ್ದು ಹೊರಗೆ ಬಂದು, ಅಲೆಯ ಸದ್ದು ಕೇಳುವುದಿಲ್ಲವೆಂದು ಗೊತ್ತಿದ್ದೂ, ಕಡಲಿದ್ದ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಿದ್ದರು. ನಮ್ಮ ಮನೆಗೆ ಸಮೀಕ್ಷೆಯವರು ಬಂದರು, ಸಂಘಟನೆಯವರು ಬಂದರು, ಅಧ್ಯಯನದವರೂ ಬಂದರು. ಎಲ್ಲರೂ ಮೊದಲು ಕೇಳಿದ್ದು ಕುಟುಂಬದ ಸಂಖ್ಯೆ, ಆಮೇಲೆ ಗುಂಟೆ. "ಅಜ್ಜ, ನೀವು ಏನು ಕೆಲಸ ಮಾಡುತ್ತಿದ್ದಿರಿ?" ಎಂದು ಯಾರಾದರೂ ಒಬ್ಬರು ಪಕ್ಕದಲ್ಲಿ ಕುಳಿತು ಕೇಳಿದ್ದರೆ ರಂಪಣಿಯ ಪಾಲಿನ ವಿಷಯ ಹೊರಬರುತ್ತಿತ್ತು. ಅದು ಅಜ್ಜನೊಬ್ಬನ ನಷ್ಟವಲ್ಲ, ಕೇರಿಯ ಎಷ್ಟೋ ಮನೆಗಳ ನಷ್ಟ. ಒಬ್ಬರನ್ನು ಕೇಳದೆ ಹೋದದ್ದರಿಂದ ಎ‍ಲ್ಲರದೂ ದಾಖಲೆಯ ಹೊರಗೆ ಉಳಿಯಿತು.

ಇನ್ನೊಂದು ಮಾತು. ಒಂದು ಸಭೆಯಲ್ಲಿ ನಮ್ಮ ಪರವಾಗಿಯೇ ಮಾತನಾಡುತ್ತಿದ್ದ ಒಬ್ಬರು ಅಜ್ಜ ಬೆಳಗಿನ ಜಾವ ನಿಲ್ಲುವ ಸಂಗತಿಯನ್ನು ಮೈಕಿನಲ್ಲಿ ಹೇಳಿದರು. ಜನ ಕಣ್ಣೊರೆಸಿಕೊಂಡರು. ಅಜ್ಜ ಅಲ್ಲಿಯೇ ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಅವರನ್ನು ಯಾರೂ ಮೊದಲೇ ಕೇಳಿರಲಿಲ್ಲ. ಅಂದಿನಿಂದ ಅವರು ಬೆಳಿಗ್ಗೆ ಹೊರಗೆ ಬಂದು ನಿಲ್ಲುವುದನ್ನು ಬಿಟ್ಟರು. ಪಟ್ಟಿ ಮಾಡಿ, ಖಂಡಿತ ಮಾಡಿ. ಪಟ್ಟಿಯಲ್ಲಿರುವವರು ಒಪ್ಪಿದ್ದಾರೆಯೇ ಎಂದು ಮೊದಲು ಕೇಳಿ.

ಗಂಗಾವಳಿ ದಡದವಳು (ಅಂಕೋಲಾ)

ಎಲ್ಲರಿಗೂ ಕೃತಜ್ಞತೆಗಳು. ಅರಗಾದ ತಂಗಿಯ ಬರಹವನ್ನು ಓದಿದ ಮೇಲೆ ನಾನು ಮೊದಲ ಬರಹದಲ್ಲಿ ಬಿಟ್ಟಿದ್ದ ಒಂದು ಸಂಗತಿಯನ್ನು ಹೇಳಲೇಬೇಕಾಗಿದೆ.

ನಾನು ಆ ಕಚೇರಿಗೆ ಹನ್ನೊಂದು ಹೆಸರುಗಳ ಪಟ್ಟಿಯನ್ನು ಒಯ್ದೆ ಎಂದು ಬರೆದಿದ್ದೆ. ಹೊರಡುವ ಮುನ್ನ ನಾನು ಅವರಲ್ಲಿ ಯಾರನ್ನೂ ಕೇಳಿರಲಿಲ್ಲ. ಅವರ ಒಳಿತಿಗಾಗಿಯೇ ಅಲ್ಲವೇ ಎಂದುಕೊಂಡಿದ್ದೆ. ನಿನ್ನೆ ಮತ್ತು ಇಂದು ಎಲ್ಲರ ಮನೆಗೂ ಹೋಗಿ ಬಂದೆ. ಹತ್ತು ಜನ, ಬರೆಯಿರಿ ಎಂದರು. ಅವರಲ್ಲಿ ಇಬ್ಬರು ತಾವೇ ಬಂದು ಮಾತನಾಡುತ್ತೇವೆ ಎಂದರು. ಒಬ್ಬರು ಮಾತ್ರ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, "ಅಕ್ಕೋರೇ, ನನ್ನ ಹೆಸರು ಮಾತ್ರ ಬೇಡ," ಎಂದರು. ಅವರ ಹಳೆಯ ಖಾತೆಯ ಎಟಿಎಂ ಕಾರ್ಡು ಮಗನ ಬಳಿಯಲ್ಲಿತ್ತು. ಅಲ್ಲಿಗೆ ಬಂದ ವೇತನವನ್ನು ಅವನು ತೆಗೆದುಕೊಳ್ಳುತ್ತಿದ್ದ. ಅದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದವರಂತೆ ನನ್ನೊಂದಿಗೆ ಮೂರು ದಿನ ಓಡಾಡಿ, ಜೋಡಣೆಯನ್ನು ಬದಲಿಸಿಕೊಂಡು, ಮಗನಿಗೆ 'ಸರ್ಕಾರದವರೇ ಬದಲಾಯಿಸಿದರು' ಎಂದು ಹೇಳಿ ಮನೆಯಲ್ಲಿ ಜಗಳವಾಗದಂತೆ ನೋಡಿಕೊಂಡಿದ್ದರು. ಪಟ್ಟಿಯಲ್ಲಿ ಅವರ ಹೆಸರು ಬಂದು ವಿಚಾರಣೆಗೆಂದು ಯಾರಾದರೂ ಮನೆಗೆ ಬಂದರೆ ಆ ಏರ್ಪಾಡೇ ಕುಸಿದುಬೀಳುತ್ತದೆ. ನನ್ನ ಡೈರಿಯಲ್ಲಿ ಅವರದೂ ಉಳಿದ ಹತ್ತರಂತೆಯೇ ಒಂದು ಸಾಲಾಗಿತ್ತು, 'ಅದೇ ಕಾರಣ' ಎಂದು ಬರೆದುಕೊಂಡಿದ್ದೆ. ಕಾರಣ ಅದೇ ಆಗಿರಲಿಲ್ಲ.

ಇಂದು ಸಂಜೆ ಪಟ್ಟಿಯನ್ನು ಹರಿದು ಬೇರೆ ರೀತಿಯಲ್ಲಿ ಬರೆದೆ. ಹೆಸರುಗಳಿಲ್ಲ, ಊರು, ಎಷ್ಟು ತಿಂಗಳು ವೇತನ ಕಾಣಲಿಲ್ಲ, ಎಷ್ಟು ಸಲ ಕಚೇರಿಗೆ ಹೋಗಬೇಕಾಯಿತು, ಎಷ್ಟು ದಿನದ ಕೂಲಿ ಹೋಯಿತು, ಕೊನೆಗೆ ಹಣ ಎಲ್ಲಿ ಸಿಕ್ಕಿತು ಎಂಬ ವಿವರ ಮಾತ್ರ. ಹತ್ತೇ ಸಾಲುಗಳು. ಹಿತ್ತಿಲಿಗೆ ಕರೆದವರ ಸಾಲು ಇಲ್ಲ, ಮೂರು ಸಣ್ಣ ಊರುಗಳಲ್ಲಿ ಹೆಸರು ಬಿಟ್ಟರೂ ಗುರುತು ಸಿಗುತ್ತದೆ. ಕೊನೆಯಲ್ಲಿ ಒಂದೇ ಕೋರಿಕೆ: ವೇತನ ನಿಂತಿದೆ ಎಂದು ಬಂದವರಿಗೆ ಮೊದಲ ಭೇಟಿಯಲ್ಲಿಯೇ, ಹಣ ಯಾವ ಬ್ಯಾಂಕಿಗೆ ಹೋಗುತ್ತಿದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಚೀಟಿಯನ್ನು ಅವರ ಕೈಗೇ ಕೊಡಬೇಕು, ಮನೆಯವರ ಕೈಗಲ್ಲ ಎಂದು ಸೇರಿಸಿದ್ದು ಆ ಹನ್ನೊಂದನೆಯವರಿಂದ ಕಲಿತದ್ದು.

ವಾರ್ಡಿನ ಹೊರಗೆ (ಕಾರವಾರ)

ಮೇಡಂ, ಇದನ್ನು ಎಲ್ಲಿ ಕೊಡುತ್ತೀರಿ? ಅದೇ ಕಚೇರಿಗೆ ಮತ್ತೆ ಹೋದರೆ ಅದೇ ಉತ್ತರ ಬರಬಹುದು.

ಘಟ್ಟದ ಮೇಲಿನವ (ಶಿರಸಿ)

ವೇತನದ ದೂರುಗಳನ್ನು ಕೇಳುವ ಹೋಬಳಿ ಮಟ್ಟದ ಪಿಂಚಣಿ ಅದಾಲತ್ತಿಗೆ ಒಯ್ಯಿರಿ. ಅಲ್ಲಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ, ಗ್ರಾಮಸಭೆಯಲ್ಲಿಯೂ ಇದನ್ನೇ ಓದಿಸಿ ಠರಾವು ಬರೆಸಿ. ಮಾತನಾಡುತ್ತೇವೆ ಎಂದ ಇಬ್ಬರು ಮುಂದೆ ಇರಲಿ, ನೀವು ಹಿಂದೆ ನಿಲ್ಲಿ. ಕರಡನ್ನು ಕಳುಹಿಸಿದರೆ ಇಂದು ರಾತ್ರಿಯೇ ನೋಡಿಕೊಡುತ್ತೇನೆ.

ಗಂಗಾವಳಿ ದಡದವಳು (ಅಂಕೋಲಾ)

ಕಳುಹಿಸಿದ್ದೇನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಬೇರೆ ಕೆಲಸಕ್ಕೆ ಹೊರಡಬೇಕು. ಹೊಳೆಯಾಚೆಯ ಊರಿನಿಂದ ಹನ್ನೆರಡನೆಯವರು ಫೋನ್ ಮಾಡಿದ್ದಾರೆ, ಅವರ ವೇತನ ನಾಲ್ಕು ತಿಂಗಳಿಂದ ಬಂದಿಲ್ಲವಂತೆ.